ನೆರ್ಥುಸ್ ಮತ್ತು ನ್ಯೋರ್ಡ್: ಭೂತಾಯಿಯೇ ಮುಂದೆ ಕಡಲ ದೇವರಾದಳೇ?

ಉತ್ತರ ಯುರೋಪಿನ ಹಳೆಯ ದೇವರುಗಳೆಂದರೆ ನಮಗೆ ಥಟ್ಟನೆ ನೆನಪಾಗುವುದು ಥಾರ್, ಓಡಿನ್, ಲೋಕಿ. ಎಲ್ಲ ಸಿನಿಮಾಗಳ ಕೃಪೆ. ನ್ಯೋರ್ಡ್ ಹೆಸರು ಕೇಳಿದವರು ಕಡಿಮೆ. ಇವನು ಕಡಲು, ಗಾಳಿ, ಮೀನು, ಸಂಪತ್ತಿನ ದೇವರು. ಫಸಲು ಕೊಡುವ ಫ್ರೇರ್ ಇವನ ಮಗ. ಪ್ರೀತಿ, ಕಾಮದ ದೇವತೆ ಫ್ರೇಯಾ ಇವನ ಮಗಳು. ಇವನ ಕತೆಗಳು ನಮಗೆ ಸಿಗುವುದು 13ನೇ ಶತಮಾನದ ಐಸ್‌ಲ್ಯಾಂಡಿನ ಬರಹಗಳಲ್ಲಿ.

ಅದಕ್ಕೂ ಸಾವಿರದ ನೂರು ವರ್ಷ ಮೊದಲಿನ ಮಾತು. ಕ್ರಿ.ಶ. 98ರಲ್ಲಿ ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರ ಜರ್ಮನ್ ಬುಡಕಟ್ಟುಗಳ ಬಗ್ಗೆ ‘ಜರ್ಮಾನಿಯಾ’ ಎಂಬ ಚಿಕ್ಕ ಪುಸ್ತಕ ಬರೆದ. ಅದರ 40ನೇ ಅಧ್ಯಾಯದಲ್ಲಿ ನೆರ್ಥುಸ್ ಎಂಬ ದೇವತೆ ಬರುತ್ತಾಳೆ. ‘ನೆರ್ಥುಸ್, ಅಂದರೆ ಭೂತಾಯಿ’ ಅಂತ ಅವನೇ ಬಿಡಿಸಿ ಹೇಳಿದ್ದಾನೆ.

ಒಬ್ಬಳು ನೆಲದ ತಾಯಿ, ಇನ್ನೊಬ್ಬ ಕಡಲಿನ ಗಂಡು ದೇವರು. ಆದರೆ ಭಾಷೆ ಬಲ್ಲವರು ಎರಡೂ ಒಂದೇ ಹೆಸರು ಅನ್ನುತ್ತಾರೆ. ಹಾಗಾದರೆ ದೈವವೂ ಒಂದೇನಾ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಯಾರ ಪಕ್ಷವನ್ನೂ ವಹಿಸಬಾರದು ಅಂದುಕೊಂಡೇ ಕೂತೆ. ಎಲ್ಲಿ ಜಾರಿದ್ದೇನೆ ಅಂತ ಓದಿದವರಿಗೆ ಗೊತ್ತಾಗುತ್ತದೆ.

ಪರ: ಹೆಸರು ಸುಮ್ನೆ ಹೊಂದುವುದಿಲ್ಲ

ಮೊದಲು ಟ್ಯಾಸಿಟಸ್ ಹೇಳಿದ್ದನ್ನು ಪೂರ್ತಿ ಕೇಳೋಣ. ಉತ್ತರದ ಕಡೆ ಏಳು ಬುಡಕಟ್ಟುಗಳಿವೆ. ಅದರಲ್ಲಿ ಒಂದು ಆಂಗ್ಲಿ. ಮುಂದೆ ಇಂಗ್ಲೆಂಡಿಗೆ ಹೆಸರು ಕೊಟ್ಟವರು ಇವರೇ. ಬಿಡಿಬಿಡಿಯಾಗಿ ನೋಡಿದರೆ ಇವರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅನ್ನುತ್ತಾನೆ ಅವನು. ಆದರೆ ಏಳೂ ಕುಲದವರು ಒಟ್ಟಾಗಿ ನೆರ್ಥುಸ್ ದೇವಿಯನ್ನು ಪೂಜಿಸುತ್ತಾರೆ.

ಕಡಲ ನಡುವೆ ಒಂದು ದ್ವೀಪ. ಅಲ್ಲೊಂದು ಯಾರೂ ಮುಟ್ಟದ ತೋಪು. ತೋಪಿನೊಳಗೆ ಬಟ್ಟೆ ಹೊದಿಸಿದ ಬಂಡಿ. ಅದನ್ನು ಮುಟ್ಟುವ ಹಕ್ಕು ಒಬ್ಬ ಪೂಜಾರಿಗೆ ಮಾತ್ರ. ದೇವಿ ಬಂದು ಒಳಗೆ ಕೂತದ್ದು ಅವನಿಗೆ ಹೇಗೋ ತಿಳಿಯುತ್ತದೆ. ಆಗ ಬಂಡಿಗೆ ಹಸುಗಳನ್ನು ಹೂಡಿ ಹೊರಡಿಸುತ್ತಾನೆ. ಎತ್ತುಗಳಲ್ಲ, ಹಸುಗಳೇ. ಬಂಡಿ ಹೋದ ಊರಲ್ಲೆಲ್ಲ ಹಬ್ಬ. ಯಾರೂ ಯುದ್ಧಕ್ಕೆ ಹೋಗುವುದಿಲ್ಲ, ಆಯುಧ ಹಿಡಿಯುವುದಿಲ್ಲ. ಕಬ್ಬಿಣದ್ದನ್ನೆಲ್ಲ ಒಳಗಿಟ್ಟು ಮುಚ್ಚುತ್ತಾರೆ. ಜನರ ನಡುವೆ ಓಡಾಡಿ ದೇವಿಗೆ ಸಾಕೆನಿಸಿದ ಮೇಲೆ ಪೂಜಾರಿ ಅವಳನ್ನು ವಾಪಸ್ ಕರೆತರುತ್ತಾನೆ. ಆಮೇಲೆ ಬಂಡಿ, ಬಟ್ಟೆ, ದೇವಿ, ಎಲ್ಲವನ್ನೂ ಒಂದು ಗುಟ್ಟಿನ ಕೆರೆಯಲ್ಲಿ ತೊಳೆಯುತ್ತಾರೆ. ತೊಳೆದ ಗುಲಾಮರನ್ನು ಅದೇ ಕೆರೆ ಅಲ್ಲೇ ನುಂಗಿಬಿಡುತ್ತದೆ.

ಈಗ ಹೆಸರಿಗೆ ಬರೋಣ. ಹಳೆಗನ್ನಡದ ‘ಪಾಲ್’ ಇವತ್ತು ‘ಹಾಲು’. ‘ಪುಲಿ’ ಇವತ್ತು ‘ಹುಲಿ’. ಕಾಗುಣಿತ ಬೇರೆ ಆಯಿತು ಅಂತ ಎರಡು ಬೇರೆ ಪ್ರಾಣಿ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಪದದ ಮೊದಲಿನ ಪಕಾರ ಹಕಾರವಾಗುವುದು ಕನ್ನಡದಲ್ಲಿ ಒಂದು ನಿಯಮ. ಉತ್ತರದ ಭಾಷೆಗಳಲ್ಲೂ ಇಂಥದ್ದೇ ನಿಯಮವಿದೆ. ಮುಂದಿನ ಅಕ್ಷರದಲ್ಲಿ ಉಕಾರ ಇದ್ದರೆ ಹಿಂದಿನ ಎಕಾರ ‘ಯೋ’ ಆಗುತ್ತದೆ. ಹಳೆಯ ‘ಸ್ಕೆಲ್ಡುಜ್’ ಹೀಗೆಯೇ ‘ಸ್ಕ್ಯೋಲ್ಡ್’ ಆಯಿತು. ಗುರಾಣಿ ಅಂತ ಅರ್ಥ. ‘ಫೆರ್ಥುಜ್’ ಎಂಬುದು ‘ಫ್ಯೋರ್ಡ್’ ಆಯಿತು. ನಾರ್ವೆಯ ಚಿತ್ರಗಳಲ್ಲಿ ನೋಡುತ್ತೇವಲ್ಲ, ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಕಡಲು, ಅದೇ ಫಿಯೋರ್ಡ್. ಇದೇ ದಾರಿಯಲ್ಲಿ ‘ನೆರ್ಥುಜ್’ ಎಂಬುದನ್ನು ನಡೆಸಿಕೊಂಡು ಬನ್ನಿ. ಬಂದು ನಿಲ್ಲುವುದು ‘ನ್ಯೋರ್ಡ್’ ಬಾಗಿಲಿಗೇ. ಸುಮಾರು ಹೋಲುತ್ತದೆ ಅಂತಲ್ಲ, ಒಂದೊಂದು ಅಕ್ಷರವೂ ಕೂಡುತ್ತದೆ.

ಅದು ಗಂಡು, ಇದು ಹೆಣ್ಣು ಅನ್ನುವವರಿಗೆ ಒಂದು ಮಾತು. ಈ ಬಗೆಯ ಹೆಸರುಗಳು ಆ ಹಳೆಯ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ರೂಪದಲ್ಲಿದ್ದವು. ‘ಮಗ’ ಎಂಬ ಪದ, ‘ಕೈ’ ಎಂಬ ಪದ, ಎರಡೂ ಒಂದೇ ಥರ ಮುಗಿಯುತ್ತಿದ್ದವು. ಮೊದಲಿನದು ಪುಲ್ಲಿಂಗ, ಎರಡನೆಯದು ಸ್ತ್ರೀಲಿಂಗ. ನಮ್ಮಲ್ಲಿ ಶಶಿ ಅಂದರೆ ಹುಡುಗನೋ ಹುಡುಗಿಯೋ ಅಂತ ಬರೀ ಹೆಸರಿನಿಂದ ಹೇಳಲು ಬರುವುದಿಲ್ಲವಲ್ಲ, ಹಾಗೆ.

ಹೆಸರು ಬಿಟ್ಟು ಕೆಲಸ ನೋಡೋಣ. ಜಾಸ್ತಿ ಜನ ನ್ಯೋರ್ಡ್ ಅಂದರೆ ಕಡಲು ಅಂತ ಬರೆದು ಮುಗಿಸುತ್ತಾರೆ. ಅದು ಅರ್ಧ ಸತ್ಯ. ಆ ಜನರಿಗೆ ಕಡಲೇ ಆದ ದೈವಗಳು ಬೇರೆ ಇದ್ದವು. ಏಗಿರ್ ಅಂತ ಒಬ್ಬ. ಅವನ ಹೆಂಡತಿ ರಾನ್ ಬಲೆ ಬೀಸಿ ಮುಳುಗಿದವರನ್ನು ಎಳೆದುಕೊಳ್ಳುವವಳು. ನ್ಯೋರ್ಡ್ ಹಾಗಲ್ಲ. ಅವನ ಮನೆಯ ಹೆಸರು ನೋವಾತೂನ್, ಅಂದರೆ ಹಡಗುಗಳ ಅಂಗಳ. ಅವನದು ದಡದ ಬದುಕು. ಗಾಳಿ ಹದ್ದುಬಸ್ತಿನಲ್ಲಿಡುತ್ತಾನೆ, ಮೀನು ಕೊಡುತ್ತಾನೆ. ಬೇಡಿದವರಿಗೆ ಭೂಮಿ, ಹಣ ಕೊಡುವಷ್ಟು ಸಿರಿವಂತ ಅಂತ ಸ್ನೋರಿ ಸ್ಟುರ್ಲುಸನ್ ಬರೆದಿದ್ದಾನೆ. 1220ರ ಸುಮಾರಿಗೆ ಐಸ್‌ಲ್ಯಾಂಡಿನಲ್ಲಿ ಈ ಕತೆಗಳನ್ನು ಕೂಡಿಸಿಟ್ಟವನು ಇವನೇ. ಇದೇ ಸ್ನೋರಿ ಇನ್ನೊಂದು ಕಡೆ ನ್ಯೋರ್ಡ್‌ನನ್ನು ಸ್ವೀಡನ್ನಿನ ಹಳೆಯ ರಾಜ ಅಂತ ಹೇಳುತ್ತಾನೆ. ಅವನ ಕಾಲದಲ್ಲಿ ಶಾಂತಿ ಇತ್ತು, ಎಲ್ಲ ಬೆಳೆಯೂ ಕೈಹತ್ತಿತು. ಅದಕ್ಕೇ ಫಸಲು, ಸಂಪತ್ತು ಎರಡೂ ನ್ಯೋರ್ಡ್ ಕೈಯಲ್ಲಿದೆ ಅಂತ ಜನ ನಂಬಿದರಂತೆ.

10ನೇ ಶತಮಾನದ ನಾರ್ವೆಯಲ್ಲಿ ಹಬ್ಬದ ದಿನ ಪಾನದ ಬಟ್ಟಲು ಎತ್ತುವ ಕ್ರಮವನ್ನೂ ಸ್ನೋರಿ ವಿವರಿಸಿದ್ದಾನೆ. ಮೊದಲ ಬಟ್ಟಲು ಓಡಿನ್‌ಗೆ, ರಾಜನ ಗೆಲುವಿಗಾಗಿ. ಆಮೇಲಿನದು ನ್ಯೋರ್ಡ್ ಮತ್ತು ಫ್ರೇರ್‌ಗೆ. ಯಾತಕ್ಕೆ? ‘ಒಳ್ಳೆಯ ಫಸಲಿಗೆ, ಶಾಂತಿಗೆ.’ ನೆರ್ಥುಸ್ ಬಂಡಿ ಬಂದಾಗ ಕಬ್ಬಿಣ ಒಳಗೆ ಸೇರುತ್ತಿತ್ತು, ಆಗ ಮಾತ್ರ ಅವರಿಗೆ ಶಾಂತಿಯ ರುಚಿ ಗೊತ್ತಾಗುತ್ತಿತ್ತು ಅಂದಿದ್ದನಲ್ಲ ಟ್ಯಾಸಿಟಸ್? ಭೂಮಿಯ ತಾಯಿ ಮತ್ತು ಶಾಂತಿ ಅಲ್ಲಿ, ಫಸಲು ಮತ್ತು ಶಾಂತಿ ಇಲ್ಲಿ. ಯುದ್ಧವೇ ಬದುಕಾಗಿದ್ದ ಜನ ಇವೆರಡನ್ನು ಒಟ್ಟಿಗೆ ಬೇಡಿಕೊಳ್ಳುತ್ತಿದ್ದದ್ದು ಈ ಒಂದು ಮನೆತನದ ಹತ್ತಿರ.

ಬಂಡಿಯೂ ಕಳೆದುಹೋಗಲಿಲ್ಲ. ಮಗ ಫ್ರೇರ್‌ಗೆ ಬಂತು. ಸ್ವೀಡನ್ನಿನಲ್ಲಿ ಫ್ರೇರ್‌ನ ಮೂರ್ತಿಯನ್ನು ಬಂಡಿಯಲ್ಲಿಟ್ಟು ಊರೂರು ಸುತ್ತಿಸುತ್ತಿದ್ದರು, ಜೊತೆಗೆ ಅವನ ಹೆಂಡತಿ ಎನಿಸಿಕೊಂಡ ಒಬ್ಬ ಪೂಜಾರಿಣಿ ಇರುತ್ತಿದ್ದಳು ಅಂತ ಒಂದು ಐಸ್‌ಲ್ಯಾಂಡ್ ಕತೆ ಹೇಳುತ್ತದೆ. ಉದ್ದೇಶ ಅದೇ, ಬೆಳೆ ಚೆನ್ನಾಗಿ ಆಗಲಿ ಅಂತ.

ಇನ್ನು ನೆಲದಿಂದ ನೀರಿಗೆ ಬಂದದ್ದು. ಇದು ದೊಡ್ಡ ನೆಗೆತ ಅಂತ ಅನ್ನಿಸುವುದು ನಕ್ಷೆ ನೋಡದವರಿಗೆ. ನಾರ್ವೆಯಲ್ಲಿ ಉಳುವ ನೆಲ ಇವತ್ತಿಗೂ ನೂರಕ್ಕೆ ಸುಮಾರು 3 ಪಾಲು. ಫಿಯೋರ್ಡಿನ ದಡದಲ್ಲಿ ಒಂದು ಪಟ್ಟಿ ಹೊಲ, ಎದುರಿಗೆ ನೀರು. ಅಲ್ಲಿನ ರೈತನ ಅರ್ಧ ಫಸಲು ಬಲೆಯಲ್ಲಿ ಬರುತ್ತದೆ. ಕೊಡುವ ದೇವರು ಕೊಡುವ ಜಾಗಕ್ಕೇ ಬಂದು ಕೂರುತ್ತಾನೆ. ನೆರ್ಥುಸ್ ಕೂಡ ಒಳನಾಡಿನವಳಲ್ಲ, ದ್ವೀಪದವಳು. ಕೆರೆಯಲ್ಲಿ ಮೀಯುವವಳು. ಇತ್ತ ಸ್ವೀಡನ್ನಿನಲ್ಲಿ ನ್ಯೋರ್ಡ್ ಹೆಸರು ಹೊತ್ತ ಊರುಗಳು ಕಡಲಿನಿಂದ ಒಳಗಡೆಯೂ ಇವೆ. ಲಿನ್‌ಶೋಪಿಂಗ್ ಪಕ್ಕದ ಮ್ಯಾರ್ದೆವಿ ಎಂಬ ಜಾಗದ ಹೆಸರಿಗೆ ‘ನ್ಯೋರ್ಡ್‌ನ ಪವಿತ್ರ ಸ್ಥಳ’ ಎಂಬ ಅರ್ಥ ಬರುತ್ತದೆ. ಈಗ ಅಲ್ಲಿರುವುದು ಟೆಕ್ ಪಾರ್ಕ್. ಬರೀ ಕಡಲ ದೇವರಾಗಿದ್ದರೆ ಅವನಿಗೆ ಹೊಲಗಳ ನಡುವೆ ಏನು ಕೆಲಸ?

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಟಿಸ್ನೆಸ್ ಎಂಬ ದ್ವೀಪವಿದೆ. ಅದರ ಹಳೆಯ ಹೆಸರು ನ್ಯಾರ್ಡರ್‌ಲೋಗ್. ಅದರಲ್ಲಿ ನ್ಯೋರ್ಡ್ ಹೆಸರು ಅಡಗಿದೆ. ಅಲ್ಲಿನ ಒಂದು ನೀರಿನ ಹೆಸರು ವೆವಾತ್ನೆ, ಪವಿತ್ರ ಸರೋವರ. ದ್ವೀಪ, ಸರೋವರ, ನ್ಯೋರ್ಡ್, ಮೂರೂ ಒಂದೇ ಕಡೆ. 20ನೇ ಶತಮಾನದ ಆರಂಭದಲ್ಲಿ ಮ್ಯಾಗ್ನಸ್ ಓಲ್ಸೆನ್ ಎಂಬ ವಿದ್ವಾಂಸ ಇದನ್ನು ಗುರುತಿಸಿ, ಟ್ಯಾಸಿಟಸ್ ಹೇಳಿದಂಥ ಪೂಜೆ ಇಲ್ಲೂ ನಡೆದಿರಬೇಕು ಅಂದ.

ಕೊನೆಯದಾಗಿ ನ್ಯೋರ್ಡ್‌ನ ತಂಗಿ. ದೇವರುಗಳಲ್ಲಿ ಏಸಿರ್, ವಾನಿರ್ ಅಂತ ಎರಡು ಕುಲ. ಎರಡಕ್ಕೂ ಯುದ್ಧ ನಡೆದು ರಾಜಿಯಾದಾಗ ವಾನಿರ್ ಕಡೆಯಿಂದ ಒತ್ತೆಯಾಳಾಗಿ ಬಂದವನು ನ್ಯೋರ್ಡ್. ವಾನಿರ್ ಕುಲದಲ್ಲಿ ಅಣ್ಣ ತಂಗಿಯನ್ನು ಮದುವೆಯಾಗಬಹುದಿತ್ತು. ನ್ಯೋರ್ಡ್ ಹಾಗೆಯೇ ತಂಗಿಯನ್ನು ಮದುವೆಯಾಗಿದ್ದ, ಅವರ ಮಕ್ಕಳೇ ಫ್ರೇರ್ ಮತ್ತು ಫ್ರೇಯಾ. ಏಸಿರ್ ಕುಲಕ್ಕೆ ಇದು ನಿಷಿದ್ಧ. ಲೋಕಿ ಜಗಳದಲ್ಲಿ ‘ನಿನ್ನ ತಂಗಿಯಲ್ಲೇ ಮಗನನ್ನು ಪಡೆದವನು ನೀನು’ ಅಂತ ಎಲ್ಲರೆದುರು ಹಂಗಿಸುತ್ತಾನೆ. ಆ ತಂಗಿಯ ಹೆಸರೇನು? ಯಾರೂ ಹೇಳುವುದಿಲ್ಲ. ಮಕ್ಕಳ ಹೆಸರು ನೋಡಿ, ಫ್ರೇರ್ ಅಂದರೆ ಒಡೆಯ, ಫ್ರೇಯಾ ಅಂದರೆ ಒಡತಿ, ಒಂದೇ ಹೆಸರಿನ ಜೋಡಿ. ಅಪ್ಪ ಅಮ್ಮನೂ ಹಾಗೇ ಒಂದೇ ಹೆಸರಿನ ಜೋಡಿಯಾಗಿದ್ದಿರಬೇಕು. ಟ್ಯಾಸಿಟಸ್ ಕೇಳಿದ್ದು ತಂಗಿಯ ಸುದ್ದಿ. ಐಸ್‌ಲ್ಯಾಂಡಿನವರು ಉಳಿಸಿಕೊಂಡದ್ದು ಅಣ್ಣನ ಕತೆ. ಜರ್ಮನಿಯ ಉತ್ತರದಲ್ಲಿ ಬ್ರಾಕ್ ಎಂಬಲ್ಲಿ ಜೌಗು ನೆಲ ಅಗೆಯುವಾಗ ಎರಡು ಮರದ ಮೂರ್ತಿಗಳು ಸಿಕ್ಕಿವೆ. ಟ್ಯಾಸಿಟಸ್‌ಗಿಂತ ಹಳೆಯವು. ಆಳಿಗಿಂತ ಎತ್ತರ. ಒಂದು ಗಂಡು, ಒಂದು ಹೆಣ್ಣು. ದೈವವನ್ನು ಜೋಡಿಯಾಗಿ ನಿಲ್ಲಿಸುವ ರೂಢಿ ಆ ಕಡೆ ಇದ್ದೇ ಇತ್ತು.

1746ರಲ್ಲಿ ಹುಟ್ಟಿದ ನಾರ್ವೆಯ ಒಬ್ಬ ಹೆಂಗಸಿನ ನೆನಪು ಅಲ್ಲಿನ ಜನಪದ ಸಂಗ್ರಹದಲ್ಲಿದೆ. ಒಂದು ರಾತ್ರಿ ಪಂಜು ಹಿಡಿದು ಮೀನು ಹಿಡಿಯಲು ಹೋಗಿದ್ದಳು. ವಾರಕ್ಕಾಗುವಷ್ಟು ಸಿಕ್ಕಿತು. ಗಾಳದ ದಾರ ಸುತ್ತುತ್ತಾ ‘ಈ ಸಲಕ್ಕೆ ನ್ಯೋರ್‌ಗೆ ನಮಸ್ಕಾರ’ ಅಂದಳಂತೆ. ಅವಳು ಮೀನು ಹಿಡಿದದ್ದು ಕಡಲಿನಲ್ಲಲ್ಲ, ಸಿಹಿನೀರಿನ ಸರೋವರದಲ್ಲಿ.

ವಿರೋಧ: ಬಟ್ಟೆಯೊಳಗೆ ಯಾರು ನೋಡಿದರು?

ಪರದವರ ವಾದ ಓದಲು ಚೆಂದ. ಕೊನೆಯ ಅಜ್ಜಿಯ ಕತೆಯಂತೂ ನನಗೂ ಇಷ್ಟ. ಆದರೆ ಅವರ ಇಡೀ ಮನೆ ನಿಂತಿರುವುದು ಒಂದೇ ಕಂಬದ ಮೇಲೆ. ಅದು ‘ನೆರ್ಥುಸ್’ ಎಂಬ ಪದ. ಆ ಕಂಬವನ್ನು ಮೊದಲು ಅಲ್ಲಾಡಿಸಿ ನೋಡೋಣ.

ಟ್ಯಾಸಿಟಸ್ ಕೈಬರಹ ನಮ್ಮ ಹತ್ತಿರ ಇಲ್ಲ. ಜರ್ಮನಿಯ ಹೆರ್ಸ್‌ಫೆಲ್ಡ್ ಮಠದ ಒಂದೇ ಒಂದು ಹಳೆಯ ಪ್ರತಿ 15ನೇ ಶತಮಾನದ ನಡುವೆ ಇಟಲಿಗೆ ಬಂತು. ಈಗ ಇರುವ ಪ್ರತಿಗಳೆಲ್ಲ ಅದರಿಂದ ಹುಟ್ಟಿದವು. ನಕಲು ಮಾಡಿದವರಿಗೆ ಈ ಹೆಸರು ಅರ್ಥವಾಗಲಿಲ್ಲ. ಒಬ್ಬ ನೆರ್ಥುಂ ಅಂತ ಬರೆದ. ಇನ್ನೊಬ್ಬ ನೆರ್ಟುಂ. ಮತ್ತೊಬ್ಬರದು ನೆಹೆರ್ಟುಂ, ಹೆರ್ಥುಂ, ವೆರ್ಥುಂ. 16ನೇ ಶತಮಾನದ ವಿದ್ವಾಂಸರಿಗೆ ಹೆರ್ಥುಂ ಹಿಡಿಸಿತು. ಯಾಕೆಂದರೆ ಜರ್ಮನ್ ಭಾಷೆಯಲ್ಲಿ ಭೂಮಿಗೆ ‘ಏರ್ಡೆ’ ಅನ್ನುತ್ತಾರೆ, ಸ್ವಲ್ಪ ಹತ್ತಿರ ಕೇಳಿಸುತ್ತದೆ. ಅಲ್ಲಿಗೆ ಭೂತಾಯಿಗೆ ಹೆರ್ಥಾ ಅಂತ ಹೆಸರಾಯಿತು. ಬಾಲ್ಟಿಕ್ ಕಡಲಿನ ರೂಗೆನ್ ದ್ವೀಪದಲ್ಲಿ ಇವತ್ತಿಗೂ ಹೆರ್ಥಾ ಕೆರೆ ಇದೆ. ದೇವಿಯನ್ನು ಮೀಯಿಸಿದ್ದು ಇಲ್ಲೇ ಅಂತ ಪ್ರವಾಸಿಗರಿಗೆ ತೋರಿಸುತ್ತಾ ಬಂದಿದ್ದಾರೆ. ಹೆಣ್ಣುಮಕ್ಕಳಿಗೆ ಆ ಹೆಸರಿಟ್ಟರು, ಹಡಗುಗಳಿಗೂ ಇಟ್ಟರು. 1892ರಲ್ಲಿ ಶುರುವಾದ ಬರ್ಲಿನ್ನಿನ ಫುಟ್‌ಬಾಲ್ ಕ್ಲಬ್ಬೊಂದು ಅಂಥ ಒಂದು ಹಡಗಿನ ಹೆಸರನ್ನೇ ಹೊತ್ತಿದೆ. ನಕಲು ಮಾಡಿದವನ ಒಂದು ತಪ್ಪಕ್ಷರ ಎಷ್ಟು ದೂರ ಹೋಯಿತು ನೋಡಿ.

19ನೇ ಶತಮಾನದಲ್ಲಿ ಯಾಕೋಬ್ ಗ್ರಿಮ್ ಬಂದ. ಮಕ್ಕಳ ಕತೆಗಳ ಗ್ರಿಮ್ ಸಹೋದರರಲ್ಲಿ ದೊಡ್ಡವನು. ಅವನು ನೆರ್ಥುಸ್ ಎಂಬ ರೂಪವನ್ನೇ ಎತ್ತಿಹಿಡಿದ. ಅದಕ್ಕೆ ಬಲ ಕೊಟ್ಟದ್ದು ಯಾವುದು? ನ್ಯೋರ್ಡ್ ಎಂಬ ಹೆಸರೇ. ಈಗ ನಾವು ‘ನೆರ್ಥುಸ್ ಎಂಬ ಹೆಸರು ನ್ಯೋರ್ಡ್‌ಗೆ ಕರಾರುವಾಕ್ಕಾಗಿ ಹೊಂದುತ್ತದೆ’ ಅಂತ ಬೆರಗಾಗುತ್ತಿದ್ದೇವೆ. ಅಳತೆ ಕೊಟ್ಟು ಹೊಲಿಸಿದ ಅಂಗಿ ಮೈಗೆ ಸರಿಹೋಯಿತು ಅಂತ ಬೆರಗಾದ ಹಾಗೆ. ಲೋಟೆ ಮೋಟ್ಸ್ ಎಂಬ ವಿದ್ವಾಂಸೆ 1992ರಲ್ಲಿ ಈ ಗಂಟನ್ನು ಬಿಚ್ಚಿ ತೋರಿಸಿದರು. ಒಳ್ಳೆಯ ಪ್ರತಿಗಳಲ್ಲಿ ನೆರ್ಥುಂ ಎಂದೇ ಇದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಆ ರೂಪವೇ ಸರಿ ಇರಬಹುದು. ಆದರೆ ಪರದವರು ಹೇಳಿದಂತೆ ಅದು ಕಲ್ಲಿನಲ್ಲಿ ಕೊರೆದ ಹೆಸರಲ್ಲ.

ಸರಿ, ಹೆಸರು ನೆರ್ಥುಸ್ ಅಂತಲೇ ಇಟ್ಟುಕೊಳ್ಳೋಣ. ಅದರ ಅರ್ಥವೇನು? ‘ನೆರ್’ ಅಂದರೆ ಬಲ ಎಂಬ ಹಳೆಯ ಬೇರಿನಿಂದ ಬಂದಿರಬೇಕು ಅನ್ನುವುದು ಒಂದು ವಿವರಣೆ. ಹಳೆಯ ಐರಿಷ್ ಭಾಷೆಯಲ್ಲಿ ಬಲಕ್ಕೆ ‘ನೆರ್ಟ್’ ಅನ್ನುತ್ತಿದ್ದರು. ಮನುಷ್ಯ ಎಂಬ ಅರ್ಥದಲ್ಲಿ ನಾವು ಸಂಸ್ಕೃತದಿಂದ ಪಡೆದ ‘ನರ’ ಕೂಡ ಇದೇ ಬೇರಿನದು. ಹಾಗಿದ್ದರೆ ನೆರ್ಥುಸ್ ಅಂದರೆ ಬಲವುಳ್ಳವರು ಅಂತಷ್ಟೇ. ಅದು ಬಿರುದು. ಬಿರುದು ಯಾರಿಗೂ ಅಂಟುತ್ತದೆ. ಪಶ್ಚಿಮ ಏಷ್ಯಾದಲ್ಲಿ ‘ಬಾಲ್’ ಅಂದರೆ ಒಡೆಯ. ಅಲ್ಲಿ ಊರೂರಿಗೆ ಒಬ್ಬ ಬಾಲ್ ಇದ್ದ. ಅವರೆಲ್ಲ ಒಬ್ಬನೇ ಅಂತ ಯಾರೂ ಹೇಳಲಿಲ್ಲ. ಪಾಲು ಹಾಲಾದದ್ದು ನಿಜ. ಆದರೆ ಹಾಲು ಅವತ್ತೂ ಬೆಳ್ಳಗಿತ್ತು, ಇವತ್ತೂ ಬೆಳ್ಳಗಿದೆ. ವಸ್ತು ಕಣ್ಣೆದುರಿಗೆ ಇರುವುದರಿಂದ ನಮಗೆ ಧೈರ್ಯ. ದೇವರ ವಿಷಯದಲ್ಲಿ ಹೆಸರು ಉಳಿದು ಒಳಗಿನದು ಪೂರ್ತಿ ಬದಲಾಗಬಹುದು.

ಬದಲಾಗಲು ಸಮಯವೂ ಇತ್ತು. 98ಕ್ಕೂ 1220ಕ್ಕೂ ನಡುವೆ ಸಾವಿರದ ನೂರಕ್ಕೂ ಜಾಸ್ತಿ ವರ್ಷ. ಆ ನಡುವೆ ಆಂಗ್ಲಿ ಜನ ಗಂಟುಮೂಟೆ ಕಟ್ಟಿ ಬ್ರಿಟನ್ನಿಗೆ ಹೋದರು. ಉಳಿದ ಆರು ಬುಡಕಟ್ಟುಗಳೂ ಇದ್ದಲ್ಲೇ ಇದ್ದ ಹಾಗೆ ಉಳಿಯಲಿಲ್ಲ. ಐಸ್‌ಲ್ಯಾಂಡಿಗೆ ಜನ ಹೋಗಿ ನೆಲೆಸಿದ್ದೇ 9ನೇ ಶತಮಾನದ ಕೊನೆಗೆ. ಕ್ರಿ.ಶ. 1000ದ ಹೊತ್ತಿಗೆ ಅಲ್ಲಿ ಕ್ರೈಸ್ತ ಧರ್ಮ ಬಂತು. ಸ್ನೋರಿ ಹುಟ್ಟಿದ್ದು 1179ರಲ್ಲಿ, ಕ್ರೈಸ್ತನಾಗಿಯೇ. ಒಂದು ತುದಿಯಲ್ಲಿ ಒಬ್ಬ ರೋಮನ್, ಇನ್ನೊಂದು ತುದಿಯಲ್ಲಿ ಒಬ್ಬ ಕ್ರೈಸ್ತ. ಇಬ್ಬರೂ ಆ ದೇವರಿಗೆ ಕೈಮುಗಿದವರಲ್ಲ. ನಡುವೆ ಬರಹವೇ ಇಲ್ಲ. ಈ ಎರಡು ತುದಿಗೆ ದಾರ ಕಟ್ಟಿ, ಇದು ಸೇತುವೆ ಅಂತ ಹೇಳುತ್ತಿದ್ದಾರೆ ಪರದವರು.

ಟ್ಯಾಸಿಟಸ್ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಅನುಮಾನ ಇರುವುದು ಇಲ್ಲೇ. ಅವನು ಆ ದ್ವೀಪಕ್ಕೆ ಹೋದವನಲ್ಲ. ಕೇಳಿ, ಓದಿ ಬರೆದವನು. ಆದರೆ ಇಂಥದ್ದೇ ಒಂದು ಪೂಜೆ ಅವನು ಬದುಕಿದ್ದ ರೋಮಿನಲ್ಲೇ ಪ್ರತಿ ವರ್ಷ ನಡೆಯುತ್ತಿತ್ತು. ಸಿಬೆಲೆ ಎಂಬ ಮಹಾತಾಯಿಯನ್ನು ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರಿನಿಂದ ರೋಮಿಗೆ ತಂದಿದ್ದರು. ಪ್ರತಿ ಮಾರ್ಚ್ 27ಕ್ಕೆ ಅವಳನ್ನು ಬಂಡಿಯಲ್ಲಿ ಕೂರಿಸಿ, ಮೆರವಣಿಗೆಯಲ್ಲಿ ಅಲ್ಮೋ ಎಂಬ ಹೊಳೆಗೆ ಒಯ್ದು ಮೀಯಿಸುತ್ತಿದ್ದರು. ಹೊರಗಿನಿಂದ ಬಂದ ದೇವರುಗಳ ಪೂಜೆ ನೋಡಿಕೊಳ್ಳಲು ರೋಮಿನಲ್ಲಿ ಹದಿನೈದು ಜನರ ಒಂದು ಮಂಡಳಿ ಇತ್ತು. ಸಿಬೆಲೆಯ ಪೂಜೆಯೂ ಅದರ ಪಾಲಿಗೇ ಬರುತ್ತಿತ್ತು. ಕ್ರಿ.ಶ. 88ರಲ್ಲಿ ಆ ಮಂಡಳಿಯಲ್ಲಿ ಕೂತಿದ್ದವರಲ್ಲಿ ಟ್ಯಾಸಿಟಸ್ ಕೂಡ ಒಬ್ಬ. ಇದನ್ನು ಅವನೇ ಬರೆದುಕೊಂಡಿದ್ದಾನೆ.

ಹತ್ತು ವರ್ಷದ ನಂತರ ಉತ್ತರದ ಯಾವುದೋ ಬಂಡಿಯ ಸುದ್ದಿ ಅವನ ಕಿವಿಗೆ ಬೀಳುತ್ತದೆ. ಬಂಡಿ, ಮೆರವಣಿಗೆ, ಸ್ನಾನ. ಅವನಿಗೆ ಏನು ಹೊಳೆದಿರಬಹುದು? ‘ಅಂದರೆ ಭೂತಾಯಿ’ ಎಂಬ ಎರಡು ಪದ ಆ ಏಳು ಬುಡಕಟ್ಟಿನವರ ಮಾತೋ, ಮಂಡಳಿಯ ಸದಸ್ಯನ ಮಾತೋ? ಎಲ್ಲವನ್ನೂ ಅವನು ಕಟ್ಟಿ ಬರೆದ ಅಂತ ನಾನು ಹೇಳುತ್ತಿಲ್ಲ. ಸಿಬೆಲೆಯನ್ನು ಮೀಯಿಸಿದವರನ್ನು ರೋಮಿನಲ್ಲಿ ಯಾರೂ ಮುಳುಗಿಸುತ್ತಿರಲಿಲ್ಲ. ಆ ಗುಲಾಮರ ಸಾವು ಉತ್ತರದ್ದೇ. ಆದರೆ ‘ತಾಯಿ’ ಎಂಬ ಭಾಗದ ಮೇಲೆ ರೋಮಿನ ಬಣ್ಣ ಇದ್ದೇ ಇದೆ.

ಇತ್ತ ಐಸ್‌ಲ್ಯಾಂಡಿನ ನ್ಯೋರ್ಡ್ ಹೇಗಿದ್ದಾನೆ? ಅವನ ಬಗ್ಗೆ ಎಲ್ಲರಿಗೂ ನೆನಪಿರುವ ಕತೆ ಒಂದು ಮುರಿದ ಮದುವೆಯದು. ಸ್ಕಾಡಿ ಎಂಬ ದೈತ್ಯರ ಮಗಳು ಅಪ್ಪನನ್ನು ಕೊಂದವರ ಮೇಲೆ ಸೇಡಿಗೆ ಬರುತ್ತಾಳೆ, ಮೈತುಂಬ ಆಯುಧ ಹೊತ್ತು. ದೇವರುಗಳು ರಾಜಿಗೆ ಇಳಿಯುತ್ತಾರೆ. ನಮ್ಮಲ್ಲಿ ಯಾರನ್ನಾದರೂ ಮದುವೆಯಾಗು, ಆದರೆ ಪಾದ ಮಾತ್ರ ನೋಡಿ ಆರಿಸಬೇಕು ಅನ್ನುತ್ತಾರೆ. ಅವಳು ತುಂಬ ಚೆಂದದ ಒಂದು ಜೊತೆ ಪಾದ ನೋಡಿ, ಇದು ಚೆಲುವ ದೇವರು ಬಾಲ್ಡರ್‌ನದೇ ಇರಬೇಕು ಅಂತ ಆರಿಸುತ್ತಾಳೆ. ತಲೆ ಎತ್ತಿದರೆ ನ್ಯೋರ್ಡ್! ಅವಳಿಗೆ ಬೆಟ್ಟ ಬೇಕು, ಇವನಿಗೆ ಕಡಲು ಬೇಕು. ಒಂಬತ್ತು ರಾತ್ರಿ ಅಲ್ಲಿ, ಒಂಬತ್ತು ರಾತ್ರಿ ಇಲ್ಲಿ ಅಂತ ಮಾಡಿಕೊಳ್ಳುತ್ತಾರೆ. ಇವನಿಗೆ ಅಲ್ಲಿ ತೋಳಗಳ ಊಳು ತಡೆಯಲಾಗುವುದಿಲ್ಲ. ಅವಳಿಗೆ ಇಲ್ಲಿ ಕಡಲಹಕ್ಕಿಗಳ ಕಿರುಚಾಟಕ್ಕೆ ನಿದ್ದೆ ಬರುವುದಿಲ್ಲ. ಕೊನೆಗೆ ಅವಳು ತವರಿಗೆ ಹೋಗುತ್ತಾಳೆ. ಈ ಕತೆಯಲ್ಲಿ ಬಂಡಿ ಎಲ್ಲಿದೆ? ತೋಪು ಎಲ್ಲಿದೆ? ಗುಟ್ಟಿನ ಕೆರೆ ಎಲ್ಲಿದೆ? ಈ ಕತೆ ಅಂತಲ್ಲ, ನ್ಯೋರ್ಡ್‌ನ ಯಾವ ಕತೆಯಲ್ಲೂ ಅವು ಇಲ್ಲ.

ಭೂಮಿಯೂ ಇಲ್ಲ. ಆ ಜನರಿಗೆ ಭೂತಾಯಿ ಬೇರೆಯೇ ಇದ್ದಳು. ಅವಳ ಹೆಸರು ಯೋರ್ಡ್. ಭೂಮಿ ಅಂತಲೇ ಅರ್ಥ. ಅವಳು ಥಾರ್‌ನ ತಾಯಿ. ಪ್ರಾಸ ಕೂಡುತ್ತದೆ ಅಂತ ಅವಳನ್ನೂ ನ್ಯೋರ್ಡ್ ಮನೆಗೆ ಸೇರಿಸಬೇಡಿ. ಏಗಿರ್ ಬೇರೆ ಇದ್ದಾನೆ, ಆದ್ದರಿಂದ ನ್ಯೋರ್ಡ್ ಕಡಲಲ್ಲ ಅಂದರು ಪರದವರು. ಅದೇ ತಕ್ಕಡಿಯಲ್ಲಿ ಇದನ್ನೂ ತೂಗಲಿ. ಯೋರ್ಡ್ ಬೇರೆ ಇದ್ದಾಳೆ, ಆದ್ದರಿಂದ ನ್ಯೋರ್ಡ್ ಭೂಮಿಯೂ ಅಲ್ಲ.

ಮಗನ ಬಂಡಿ ಬಗ್ಗೆಯೂ ಹೇಳಬೇಕು. ಪರದವರು ಆ ಕತೆಯ ಮೊದಲರ್ಧ ಹೇಳಿ ಸುಮ್ಮನಾದರು. ಪೂರ್ತಿ ಹೇಳುತ್ತೇನೆ. ಗುನ್ನಾರ್ ಎಂಬ ನಾರ್ವೆಯವನು ಕೊಲೆಯ ಆರೋಪಕ್ಕೆ ಹೆದರಿ ಸ್ವೀಡನ್ನಿಗೆ ಓಡಿಬರುತ್ತಾನೆ. ಫ್ರೇರ್‌ನ ಪೂಜಾರಿಣಿಯ ಆಸರೆ ಸಿಗುತ್ತದೆ. ಹಿಮ ಸುರಿಯುವ ದಾರಿಯಲ್ಲಿ ಬಂಡಿ ಸಿಕ್ಕಿಕೊಂಡು ಉಳಿದವರೆಲ್ಲ ಓಡಿಹೋಗುತ್ತಾರೆ. ಮೂರ್ತಿ ಎದ್ದು ಗುನ್ನಾರ್ ಮೇಲೆ ಬೀಳುತ್ತದೆ. ಅವನು ಕ್ರೈಸ್ತ ರಾಜನನ್ನು ನೆನೆಸಿಕೊಂಡು ಅದನ್ನು ಬಡಿದು ಹಾಕುತ್ತಾನೆ. ಒಳಗಿದ್ದ ಪಿಶಾಚಿ ಓಡುತ್ತದೆ. ಆಮೇಲೆ ಇವನೇ ದೇವರ ಬಟ್ಟೆ ಹಾಕಿಕೊಂಡು ಬಂಡಿಯಲ್ಲಿ ಕೂರುತ್ತಾನೆ. ಊರವರಿಗೆ ಖುಷಿಯೋ ಖುಷಿ. ನಮ್ಮ ದೇವರು ಈ ವರ್ಷ ತಾನೇ ಉಣ್ಣುತ್ತಾನೆ, ಕುಡಿಯುತ್ತಾನೆ! ಸ್ವಲ್ಪ ದಿನಕ್ಕೆ ದೇವರ ಹೆಂಡತಿ ಬಸುರಿ. ಬೆಳೆಯೂ ಹಿಂದೆಂದೂ ಕಾಣದಷ್ಟು ಚೆನ್ನಾಗಿದೆ. ಕೊನೆಗೆ ಇಬ್ಬರೂ ಬಂಗಾರ ಕಟ್ಟಿಕೊಂಡು ರಾತ್ರೋರಾತ್ರಿ ಪರಾರಿ.

ನಗು ಬರುತ್ತದೆ. ಬರಲಿ ಅಂತಲೇ ಬರೆದದ್ದು. ಸ್ವೀಡನ್ನಿನ ‘ಅನ್ಯಧರ್ಮೀಯರು’ ಎಂಥ ಪೆದ್ದರು ಅಂತ ತೋರಿಸಲು ಕ್ರೈಸ್ತ ಐಸ್‌ಲ್ಯಾಂಡಿನಲ್ಲಿ ಬರೆದ ಕತೆ ಇದು. ನಮಗೆ ಸಿಕ್ಕಿರುವುದು 14ನೇ ಶತಮಾನದ ಕೊನೆಯ ಹಸ್ತಪ್ರತಿಯಲ್ಲಿ. ಇದನ್ನು ನೆರ್ಥುಸ್ ಪೂಜೆಗೆ ಸಾಕ್ಷಿ ಅಂತ ಕರೆಸುವುದು ಸ್ವಲ್ಪ ಕಷ್ಟ. ಬಂಡಿಯಲ್ಲಿ ದೇವರನ್ನು ಸುತ್ತಿಸುವುದು ಒಂದೇ ಮನೆತನದ ಸ್ವತ್ತೂ ಅಲ್ಲ. 4ನೇ ಶತಮಾನದಲ್ಲಿ ಗಾಥ್ ಎಂಬ ಇನ್ನೊಂದು ಜರ್ಮನ್ ಬುಡಕಟ್ಟಿನ ನಾಯಕ ಅಥನರಿಕ್ ಒಂದು ಮೂರ್ತಿಯನ್ನು ಬಂಡಿಯಲ್ಲಿಟ್ಟು ಕ್ರೈಸ್ತರಾದವರ ಬಿಡಾರಗಳ ಮುಂದೆ ತರಿಸುತ್ತಿದ್ದ. ಪೂಜಿಸದಿದ್ದರೆ ಬಿಡಾರಕ್ಕೆ ಬೆಂಕಿ. ಬಂಡಿ ಅಲ್ಲೂ ಇತ್ತು, ಶಾಂತಿ ಇರಲಿಲ್ಲ. ಡೆನ್ಮಾರ್ಕಿನ ಡೇಬ್ಯರ್ಗ್ ಜೌಗಿನಲ್ಲಿ 1880ರ ದಶಕದಲ್ಲಿ ಎರಡು ಅಂದದ ಬಂಡಿಗಳು ಸಿಕ್ಕವು. ನಾರ್ವೆಯ ಓಸೆಬರ್ಗ್‌ನಲ್ಲಿ ಇಬ್ಬರು ಹೆಂಗಸರ ಸಮಾಧಿಯ ಹಡಗಿನೊಳಗೂ ಒಂದು ಬಂಡಿ ಇತ್ತು. ಬ್ರಾಕ್‌ನ ಜೋಡಿ ಮೂರ್ತಿಗಳ ಹಾಗೇ ಇವುಗಳ ಮೇಲೂ ಹೆಸರು ಬರೆದಿಲ್ಲ. ಹೆಸರಿಲ್ಲದ ವಸ್ತು ಕೈಗೆ ಸಿಕ್ಕರೆ ಅದಕ್ಕೆ ನಮಗೆ ಬೇಕಾದ ಹೆಸರು ಬರೆಯುವುದು ಸುಲಭ.

ಆ ತಂಗಿಗೂ ಆದದ್ದು ಅದೇ. ಅವಳ ಹೆಸರು ಯಾವ ಹಳೆಯ ಪದ್ಯದಲ್ಲೂ ಇಲ್ಲ. ಖಾಲಿ ಜಾಗ ಕಂಡಿತು, ನೆರ್ಥುಸಳನ್ನು ತಂದು ಕೂರಿಸಿದರು. ಮಕ್ಕಳ ಹೆಸರು ಜೋಡಿಯಾಗಿದೆ, ಆದ್ದರಿಂದ ಅಪ್ಪ ಅಮ್ಮನದೂ ಜೋಡಿ ಇರಬೇಕು ಅನ್ನುವುದು ಊಹೆ. ಒಳ್ಳೆಯ ಊಹೆಯೇ ಇರಬಹುದು, ಆದರೂ ಊಹೆ. ಸ್ನೋರಿಗೆ ಗೊತ್ತಿದ್ದರೆ ಬರೆಯದೆ ಬಿಡುವವನಲ್ಲ ಅವನು. ಯಾವ ದೇವರ ಕುದುರೆಯ ಹೆಸರೇನು ಅನ್ನುವುದನ್ನೂ ಬಿಡದೆ ಬರೆದ ಮನುಷ್ಯ.

ಇನ್ನು ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ನೆರ್ಥುಸ್ ಮೊದಲಿನಿಂದಲೂ ಗಂಡೇ, ಟ್ಯಾಸಿಟಸ್ ತಪ್ಪಾಗಿ ದೇವಿ ಅಂದ ಅನ್ನುತ್ತಾರೆ. ಹಾಗಿದ್ದರೆ ಹೆಸರಿನ ಲೆಕ್ಕವೇನೋ ಸರಿಹೋಗುತ್ತದೆ. ಆದರೆ ಭೂತಾಯಿ ಹೋದಳು. ಜೊತೆಗೆ ತಂಗಿಯ ವಾದವೂ ಹೋಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಟ್ಯಾಸಿಟಸ್ ಸಾಲುಗಳನ್ನು ಇನ್ನೊಮ್ಮೆ ಓದಿ ನೋಡಿ. ಕೆರೆಯಲ್ಲಿ ಬಂಡಿ ತೊಳೆದರು, ಬಟ್ಟೆ ತೊಳೆದರು ಅಂದಮೇಲೆ, ‘ನೀವು ನಂಬುವುದಾದರೆ, ಆ ದೈವವನ್ನೂ’ ಅನ್ನುತ್ತಾನೆ. ಅವನಿಗೇ ಅನುಮಾನ. ಬಂಡಿ ಮುಟ್ಟಬಹುದಾಗಿದ್ದವನು ಒಬ್ಬ ಪೂಜಾರಿ. ಅವನು ಬಾಯಿ ಬಿಟ್ಟಿರಲಾರ. ಬೀದಿಯಲ್ಲಿ ನಿಂತವರು ಕಂಡದ್ದು ಹೊದಿಸಿದ ಬಟ್ಟೆಯನ್ನು, ಎಳೆಯುವ ಹಸುಗಳನ್ನು. ಒಳಗೆ ಮೂರ್ತಿ ಇತ್ತೋ, ಮರದ ಕೊರಡಿತ್ತೋ, ಏನೂ ಇರಲಿಲ್ಲವೋ, ಗಂಡೋ ಹೆಣ್ಣೋ, ಅದು ಕಾಣುತ್ತಿದ್ದದ್ದು ಬಟ್ಟೆ ಬಿಚ್ಚಿ ತೊಳೆದ ಗುಲಾಮರಿಗೆ. ಅವರು ಕೆರೆಯಿಂದ ಮೇಲೆ ಬರಲಿಲ್ಲ.